ಕೈಕೊಟ್ಟ ಕಾಲು

ನನ್ನ ಹೆಂಡತಿಗೆ ನಾನು ಒಂದು ಹಾಡನ್ನು ಬಾಕಿ ಉಳಿಸಿಕೊಂಡಿದ್ದೇನೆ. ಮಾಲೀಕರಿಂದ ಕಾರ್ಮಿಕರ ಬಾಕಿ ವಸೂಲಿ ಮಾಡಲು ಆಯುಷ್ಯವಿಡೀ ಗಂಟಲು ಹರಿದುಕೊಂಡವನು, ಈಗ ನನ್ನ ಮನೆಯಲ್ಲೇ ಬಾಕಿದಾರ.

ಅವಳು ಹೊಲಿಗೆ ಕಾರ್ಖಾನೆಯಿಂದ ನಿವೃತ್ತಳಾಗುವ ದಿನ ಹತ್ತಿರ ಬಂತು. ಅವತ್ತು ಊಟದ ಬಿಡುವಿನಲ್ಲಿ ಜತೆಗಾರ್ತಿಯರಿಂದ ಬೀಳ್ಕೊಡುಗೆ.

"ಮುಷ್ಕರದಲ್ಲಿ ಗೇಟ್ ಮುಂದೆ ಹಾಡ್ತಿದ್ವಲ್ಲ, ಆ ಹಾಡನ್ನ ಅವರ ಜೊತೆ ಇನ್ನೊಂದ್ಸಲ ಹಾಡ್ಬೇಕು ರೀ. ನೀವು ಸುಮ್ನೆ ಗಿಟಾರ್ ಬಾರಿಸಿ, ಸಾಕು" ಎಂದಳು.

ಸುಮ್ಮನೆ! ನಾನು ಏನನ್ನಾದರೂ ಸುಮ್ಮನೆ ಮಾಡಿದ್ದುಂಟೇ? ಹಳೆಯ ಮರದ ಗಿಟಾರನ್ನು ಅಂಗಡಿಗೆ ಕೊಟ್ಟು, ಎಲೆಕ್ಟ್ರಿಕ್ ಗಿಟಾರನ್ನೂ ಒಂದು ಸಿಂಥಸೈಜರ್ ಪೆಡಲನ್ನೂ ಹೊತ್ತು ತಂದೆ. ಪೆಡಲೆಂದರೆ ಇಟ್ಟಿಗೆ ಗಾತ್ರದ ತಗಡಿನ ಡಬ್ಬಿ. ತಂತಿ ಮೀಟಿದರೆ ಸ್ಪೀಕರಿನಲ್ಲಿ ಪಿಟೀಲು ಕೇಳುತ್ತದೆ. ಗುಂಡಿಯನ್ನು ಕಾಲಿನಲ್ಲಿ ಒತ್ತಿದರೆ ಪಿಟೀಲು, ಮತ್ತೆ ಒತ್ತಿದರೆ ಬರೀ ಗಿಟಾರು.

ಅತ್ತೆ ಡಬ್ಬಿಯನ್ನು ತಿರುಗಿಸಿ ನೋಡಿದರು. "ಪಿಟೀಲೇ ಬೇಕಿದ್ರೆ ಪಿಟೀಲೇ ತರಬಹುದಿತ್ತಲ್ಲಪ್ಪ?"

"ಅತ್ತೆ, ಇದು ಇಡೀ ವಾದ್ಯವೃಂದ!" (ಆ ಮಹಾಮಂಡಳಿಗೆ ಅಧ್ಯಕ್ಷನೂ ನಾನೇ, ಏಕೈಕ ಸದಸ್ಯನೂ ನಾನೇ.)

ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ಡಬ್ಬಿಯನ್ನು ಪಕ್ಕದಲ್ಲಿಟ್ಟು, ಗುಂಡಿಯನ್ನು ಕೈಯಲ್ಲೇ ಒತ್ತುತ್ತ ಅಭ್ಯಾಸ ಮಾಡಿದೆ. ಬಲು ಸೊಗಸಾಗಿ ಬಂತು. ಕೆಟ್ಟದ್ದು ಅಲ್ಲೇ.

ಬೀಳ್ಕೊಡುಗೆಯಲ್ಲಿ ನಿಂತು ಬಾರಿಸಿದೆ. ಅವಳು ಕಣ್ಣು ಮುಚ್ಚಿ ಹಾಡು ಎತ್ತಿಕೊಂಡಳು. ನನಗೆ ಹುಮ್ಮಸ್ಸು ಬಂತು. ಹುಮ್ಮಸ್ಸು ಬಂದರೆ ನನ್ನ ಬಲಗಾಲು ನೆಲ ಕುಟ್ಟುತ್ತದೆ. ಪೊಲೀಸರು ಡೋಲು ಕಿತ್ತುಕೊಂಡಾಗ ಗೇಟಿನ ಮುಂದೆ ಕಾಲಿನಲ್ಲೇ ತಾಳ ಹಾಕಲು ಕಲಿತವರು ನಾವು. ಈಗ ಆ ಕಾಲಿನ ಕೆಳಗೆ ಪೆಡಲಿತ್ತು. ಧಡ್, ಗಿಟಾರು. ಧಡ್, ಪಿಟೀಲು. ಧಡ್, ಗಿಟಾರು. ಡಬ್ಬಿ ಕೆಟ್ಟಿತೆಂದು ಸಿಟ್ಟು ಬಂತು. ಸಿಟ್ಟು ಬಂದರೂ ಕುಟ್ಟುವುದು ಅದೇ ಕಾಲು.

ಹಾಡು ನಿಂತಿತು. "ರೀ, ಕಾಲು ತೆಗೀರಿ!"

"ಇದು ಮಾಲೀಕರ ಪಿತೂರಿ ಕಣೇ! ಕರೆಂಟೇ ಸರಿಯಿಲ್ಲ!"

"ಪಿತೂರಿಯೆಲ್ಲ ನಿಮ್ ಕಾಲಿಂದು!"

ಅವಳೇ ಬಂದು ವೈರು ಕಿತ್ತಳು. ವೈರಿಲ್ಲದ ಎಲೆಕ್ಟ್ರಿಕ್ ಗಿಟಾರಿಗೆ ಸೊಳ್ಳೆಯ ದನಿಯೂ ಇಲ್ಲ. ಜತೆಗಾರ್ತಿಯರು ಕಾಲು ಕುಟ್ಟಿ ತಾಳ ಹಾಕಿದರು, ಅವಳು ಮತ್ತೆ ಶುರುಮಾಡಿದಳು. ಎರಡು ಸಾಲು ಮುಗಿಯುವುದರೊಳಗೆ ಸೈರನ್ ಕೂಗಿತು. ಎಲ್ಲರೂ ಯಂತ್ರಗಳತ್ತ ಓಡಿದರು.

ಆ ಊಟದ ಬಿಡುವಿಗಾಗಿ ಲಾಠಿ ತಿಂದವರಲ್ಲಿ ನಾನೂ ಒಬ್ಬ. ಆ ಬಿಡುವನ್ನೇ ನುಂಗಿದವನು ಮಾತ್ರ ನಾನೊಬ್ಬನೇ.

ದಾರಿಯಲ್ಲಿ ಮೆಲ್ಲಗೆ ಕೇಳಿದೆ: "ಮನೇಲಿ ಹಾಡೋಣ್ವಾ?"

"ಯಾರ ಜೊತೆ ರೀ? ಅವರೆಲ್ಲ ಅಲ್ಲೇ ಇದ್ರು" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅವರನ್ನೆಲ್ಲ ಬರುವ ರಜೆಯ ದಿನ ನಮ್ಮ ಮನೆಗೆ ಕರೆದಿದ್ದೇನೆ. ಆದರೆ ಅಂಗಡಿಗೆ ಕೊಟ್ಟ ಮರದ ಗಿಟಾರು ಆಗಲೇ ಮಾರಾಟವಾಗಿದೆಯಂತೆ. ಅದರ ಬೆನ್ನಿಗೆ ಕೆಂಪು ಬಣ್ಣದ ಕಲೆಯಿದೆ, ಗೋಡೆಬರಹ ಬರೆಯುವಾಗ ಚೆಲ್ಲಿದ್ದು. ಇದನ್ನು ಓದುತ್ತಿರುವ ನಿಮ್ಮಲ್ಲೇ ಯಾರೋ ಕೊಂಡಿದ್ದೀರಿ. ತಂದುಕೊಡಿ. ಬದಲಿಗೆ ಪೆಡಲ್ ಒಯ್ಯಿರಿ. ಬೇಕಿದ್ದರೆ ಈ ಬಲಗಾಲನ್ನೂ ಒಯ್ಯಿರಿ.