ಹರಳೆಣ್ಣೆ ಕುಡಿದ ಮಿಷನ್ನು

ಹನೂರಿನ ಪಂಪ್‌ಸೆಟ್ ಮೆಕ್ಯಾನಿಕ್ ಪುಟ್ಟಮಲ್ಲಪ್ಪನಿಗೆ ಇದ್ದದ್ದು ಒಂದೇ ಚಟ. ಬೀಡಿ ಇಲ್ಲ, ಇಸ್ಪೀಟು ಇಲ್ಲ. ಎಲ್ಲಾದರೂ ಒಂದು ಲಿವರ್ ಕಂಡರೆ ಎಳೆದು ನೋಡಬೇಕು, ಅಷ್ಟೆ. ಎಳೆದರೆ ಏನಾಗುತ್ತದೆ ಎಂದು ತಿಳಿಯದಿದ್ದರೆ ಅವನಿಗೆ ಅನ್ನ ಸೇರದು. ಒಮ್ಮೆ ಡ್ರೈವರು ಟೀ ಕುಡಿಯಲು ಇಳಿದಿದ್ದಾಗ ನಿಂತ ಬಸ್ಸಿನ ಬ್ರೇಕು ಎಳೆದು ನೋಡಿ, ಜನರ ಸಮೇತ ಬಸ್ಸನ್ನು ಡ್ರೈವರ್ ಇದ್ದ ಟೀ ಅಂಗಡಿಗೇ ಕಳಿಸಿಕೊಟ್ಟಿದ್ದ.

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷ, ಪಂಪಿನ ವಾಲ್ವ್ ಹುಡುಕಿಕೊಂಡು ಅವನು ಕೊಳ್ಳೇಗಾಲದ ದೇವಣ್ಣನ ಗುಜರಿಗೆ ಹೋದ. ಅಲ್ಲಿ ಕತ್ತಾಳೆ ಪೊದೆಯ ನಡುವೆ ಒಂದು ವಿಚಿತ್ರ ನಿಂತಿತ್ತು. ನಡುವೆ ಟ್ರಾಕ್ಟರು, ಮೂತಿಗೆ ಮದುವೆಮನೆಯ ಬಾಣಲೆಯಂಥ ಬಕೆಟ್ಟು, ಬೆನ್ನಿಗೆ ಮೊಣಕೈ ಮಡಚಿದ ಕಬ್ಬಿಣದ ತೋಳು, ತೋಳಿನ ತುದಿಗೆ ಹಲ್ಲಿರುವ ಇನ್ನೊಂದು ಬಕೆಟ್ಟು. ಎಲ್ಲೋ ಅಣೆಕಟ್ಟೆ ಕೆಲಸದಲ್ಲಿ ಮಣ್ಣು ಅಗೆದೂ ಅಗೆದೂ ಸುಸ್ತಾಗಿ ಹರಾಜಿಗೆ ಬಂದದ್ದು. ಸೀಟಿನ ಮುಂದೆ ಸಾಲಾಗಿ ಲಿವರುಗಳು!

ಪುಟ್ಟಮಲ್ಲಪ್ಪ ಒಂದನ್ನು ಎಳೆದ. ತೋಳು ಧಡಾರನೆ ಇಳಿದು ಪಕ್ಕದಲ್ಲೇ ಇದ್ದ ದೇವಣ್ಣನ ತಗಡಿನ ಚಾವಣಿಯನ್ನು ಹಪ್ಪಳ ಮಾಡಿತು.

ದೇವಣ್ಣ ಬೈಯಲಿಲ್ಲ, ಅವನು ವ್ಯಾಪಾರಸ್ಥ. "ಮಲ್ಲಪ್ನೋರೇ, ಇಲ್ಲಿಗ್ ಬಂದಾಗ್ಲಿಂದ ಅಲ್ಲಾಡ್ದೆ ನಿಂತಿದ್ ಮಿಷನ್ನು ಕಣ್ರಿ ಇದು. ನೀವ್ ಮುಟ್ಟುದ್ ತಕ್ಷಣ ಕೈ ಆಡುಸ್ತಲ್ಲ! ನಿಮ್ಮುನ್ನೇ ಕಾಯ್ತಿತ್ತು ಅಂತ ಕಾಣುಸ್ತದೆ" ಎಂದ. ಸಂಜೆಯ ಹೊತ್ತಿಗೆ ಪುಟ್ಟಮಲ್ಲಪ್ಪನ ಗಾಡಿಯೂ ಎತ್ತಿನ ಜೋಡಿಯೂ ದೇವಣ್ಣನ ಅಂಗಳದಲ್ಲಿ ಉಳಿದವು. ಮಿಷನ್ನು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಹನೂರಿಗೆ ಬಂತು.

ಆ ಎತ್ತುಗಳು ಹೆಂಡತಿ ವಸಂತಮ್ಮನಿಗೆ ಮುಳ್ಳೂರಿನ ತವರಿನವರು ಕೊಟ್ಟದ್ದು. ಅವಳು ಕೂಗಾಡಲಿಲ್ಲ. "ಎತ್ತು ಹೋದ್ ಜಾಗುಕ್ಕೆ ಎತ್ತು ಬರ್ಬೇಕು. ಇಲ್ದಿದ್ರೆ ನಾನು ಮುಳ್ಳೂರ್ಗೆ ಓಯ್ತೀನಿ, ನೀವು ಈ ಮಿಷನ್ ಕಟ್ಕಂಡು ಸಂಸಾರ ಮಾಡಿ" ಎಂದಳು, ಅಷ್ಟೆ. ಕೂಗಾಡಿದ್ದರೇ ವಾಸಿಯಿತ್ತು.

ಆಮೇಲೆ ಮೂರು ತಿಂಗಳು ಅವನು ಮನುಷ್ಯನ ಲೆಕ್ಕದಲ್ಲಿರಲಿಲ್ಲ. ಇಂಜಿನ್ನು ಹೇಗೋ ಗುರ್ರೆಂದಿತು. ಆದರೆ ಈ ಮಿಷನ್ನಿನ ಶಕ್ತಿಯೆಲ್ಲ ಪೈಪುಗಳಲ್ಲಿ ಹರಿಯುವ ಎಣ್ಣೆಯಲ್ಲಿ. ಎಣ್ಣೆ ತಳ್ಳಿದರೆ ತೋಳು ಏಳುತ್ತದೆ, ಎಣ್ಣೆ ಬಿಟ್ಟರೆ ಬೀಳುತ್ತದೆ. ಪೈಪುಗಳೋ ನೆಗಡಿ ಹಿಡಿದ ಮಗುವಿನ ಮೂಗಿನಂತೆ ಸದಾ ಸೋರುತ್ತಿದ್ದವು. ಅವಕ್ಕೆಲ್ಲ ಲಾರಿ ಟ್ಯೂಬು ಸುತ್ತಿ ತಂತಿ ಬಿಗಿದ. ಕೊನೆಗೊಂದು ದಿನ ತೋಳು ಎದ್ದಿತು, ಮಡಚಿತು, ಅಂಗಡಿ ಮುಂದಿನ ಚರಂಡಿಯಿಂದ ಒಂದು ಬಕೆಟ್ಟು ಮಣ್ಣು ತೆಗೆದು ಪಕ್ಕದ ಹೋಟೆಲಿನ ಮೆಟ್ಟಿಲ ಮೇಲೆ ಸುರಿಯಿತು.

ಸುದ್ದಿ ಹತ್ತಿರದ ಹಳ್ಳಿ ಶಾಗ್ಯಕ್ಕೆ ಮುಟ್ಟಿ, ಅಲ್ಲಿನ ಶಿವಯ್ಯ ಹುಡುಕಿಕೊಂಡು ಬಂದ. ಹಳ್ಳದ ಪಕ್ಕದ ಹೊಲದಲ್ಲಿ ಅವನಿಗೊಂದು ಬಾವಿ ಬೇಕಿತ್ತು. "ಆಳ್ಗಳು ಸಿಕ್ತಿಲ್ಲ ಕಣಪ್ಪ. ನಿನ್ ಮಿಷನ್ನು ಒಂದಿನದಲ್ಲಿ ಬಾವಿ ತೋಡಿ ನೀರ್ ತೋರುಸ್ಬುಟ್ರೆ ನಮ್ಮನೆ ಹೋರಿ ಜೋಡಿ ನಿಂದೇ" ಎಂದ. ಪುಟ್ಟಮಲ್ಲಪ್ಪನಿಗೆ ಸ್ವರ್ಗ ಮೂರೇ ಗೇಣು.

ಗೊತ್ತಾದ ದಿನ ಬೆಳಿಗ್ಗೆ ಮಿಷನ್ನು ಒದ್ದೆ ಸೌದೆಯ ಒಲೆಯಂತೆ ಹೊಗೆಯುಗುಳುತ್ತ ಶಾಗ್ಯಕ್ಕೆ ಹೊರಟಿತು. ಕರೆಯದೆಯೇ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತವನು ಪಕ್ಕದ ಮನೆಯ ಚೌಡೇಶ. ಹಿಂದೊಮ್ಮೆ ಲಾರಿ ಕ್ಲೀನರ್ ಆಗಿ ಸೇಲಂವರೆಗೆ ಹೋಗಿಬಂದಿದ್ದ. ಅಂದಿನಿಂದ ಅವನಿಗೆ ತಿಳಿಯದ ಯಂತ್ರವಿರಲಿಲ್ಲ. ವಸಂತಮ್ಮ ಮುದ್ದೆ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಮೊದಲೇ ಹೋಗಿದ್ದಳು. ತನ್ನ ಎತ್ತುಗಳನ್ನು ತಿಂದದ್ದು ಏನು ಮಾಡುತ್ತದೋ ನೋಡಬೇಕಿತ್ತು ಅವಳಿಗೂ.

ಹೊಲದ ಬದುವಿನ ಮೇಲೆ ಆಗಲೇ ಶಾಗ್ಯ ಇಡೀ ನೆರೆದಿತ್ತು. ಎಲ್ಲರಿಗಿಂತ ಮುಂದೆ ಕಲ್ಲಿನ ಮೇಲೆ ಕೂತಿದ್ದವಳು ಶಿವಯ್ಯನ ತಾಯಿ ದೊಡ್ಡಬಸಮ್ಮ.

"ಇದೇನ್ ತಿಂತದಪ್ಪ?"

"ಡೀಸೆಲ್ ಅವ್ವಾ."

"ಹುಲ್ ತಿನ್ನಲ್ಲ, ಸಗಣಿ ಹಾಕಲ್ಲ. ಇದ್ರಿಂದ ಏನ್ ಸುಖ್ವಪ್ಪ?"

ಪುಟ್ಟಮಲ್ಲಪ್ಪ ಹಿಂದಿನ ಸೀಟಿಗೆ ತಿರುಗಿ ಕೂತ. ಮಿಷನ್ನಿನ ಎರಡು ಆನಿಕೆ ಕಾಲುಗಳನ್ನು ನೆಲಕ್ಕೆ ಊರಿಸಿ ತೋಳು ಚಾಚಿದ. ಹಲ್ಲುಗಳು ಕಚಕ್ಕನೆ ಮಣ್ಣು ಕಚ್ಚಿದವು. ಮೊದಲ ಬಕೆಟ್ಟು ಮೇಲೆದ್ದಾಗ ಬದುವಿನ ಮೇಲಿದ್ದವರೆಲ್ಲ ಒಟ್ಟಿಗೆ "ಉಘೇ!" ಎಂದರು. ಬೆಟ್ಟದ ದೇವರು ಮಾದಪ್ಪನಿಗೆ ಬಿಟ್ಟರೆ ಇನ್ಯಾರಿಗೂ ಸಿಕ್ಕದ ಉಘೇ ಅದು. ಪುಟ್ಟಮಲ್ಲಪ್ಪ ಕಳ್ಳಗಣ್ಣಿನಲ್ಲಿ ಹೆಂಡತಿಯನ್ನು ನೋಡಿದ. ಅವಳ ಬಾಯಿ ಅರ್ಧ ತೆರೆದಿತ್ತು.

ಗುಂಡಿ ಆಳುದ್ದ ಆಗುವ ಹೊತ್ತಿಗೆ ತೋಳು ನಡುಗತೊಡಗಿತು. ಎಣ್ಣೆ ಸೋರಿ ಸೋರಿ ಮುಗಿದಿತ್ತು.

"ಹನೂರಿಂದ ಎಣ್ಣೆ ತರ್ಬೇಕು, ಮದ್ಯಾನ ಆಯ್ತದೆ" ಎಂದ ಪುಟ್ಟಮಲ್ಲಪ್ಪ.

"ಅಯ್ಯೋ, ಎಣ್ಣೆ ಅಂದ್ರೆ ಎಣ್ಣೆ ಕಣ್ಲಾ!" ಚೌಡೇಶ ಎದೆ ಉಬ್ಬಿಸಿದ. "ಸೇಲಂ ಮೇಸ್ತ್ರಿಗಳು ಹರಳೆಣ್ಣೆನೇ ಹಾಕೋದು. ಮಂದ್ವಾಗಿರ್ತದೆ, ಸೋರಲ್ಲ. ನಾನ್ ಕಣ್ಣಾರ ಕಂಡಿವ್ನಿ."

ಬೇಡ ಎನ್ನಬೇಕೆಂದು ಪುಟ್ಟಮಲ್ಲಪ್ಪನ ಬುದ್ಧಿ ಹೇಳಿತು. ಹಾಕಿದರೆ ಏನಾಗುತ್ತದೆ ಎಂದು ಚಟ ಕೇಳಿತು. ದೊಡ್ಡಬಸಮ್ಮ ಮನೆಯಿಂದ ಒಂದು ಡಬ್ಬ ಹರಳೆಣ್ಣೆ ತರಿಸಿದಳು. ಮಿಷನ್ನು ಗಟಗಟ ಕುಡಿಯಿತು. ಸಾಲದೆಂದು ಅಕ್ಕಪಕ್ಕದ ಮನೆಗಳಲ್ಲಿದ್ದದ್ದೂ ಬಂತು.

ಆಶ್ಚರ್ಯವೆಂದರೆ ತೋಳು ಸರಾಗವಾಗಿ ಆಡಿತು! ಚೌಡೇಶ ಜನರ ಕಡೆ ತಿರುಗಿ ಕೈಮುಗಿದ. ಕೈ ಕೆಳಗಿಳಿಸುವ ಮೊದಲೇ ಮಿಷನ್ನಿನ ಹೊಟ್ಟೆಯೊಳಗೆ ಗುಡುಗುಡು ಎಂದಿತು. ಒಂದು ಪೈಪು ಬಿಚ್ಚಿಕೊಂಡಿತು, ಅದರ ಹಿಂದೆ ಇನ್ನೊಂದು. ಹರಳೆಣ್ಣೆ ಕಾರಂಜಿಯಾಗಿ ಚೌಡೇಶನ ನೆತ್ತಿಯಿಂದ ಇಳಿಯಿತು. ಊರಿದ್ದ ಕಾಲುಗಳು ಮೆಲ್ಲಗೆ ಮಡಚಿದವು. ಗುಂಡಿಯ ಅಂಚು ಕುಸಿಯಿತು. ಪುಟ್ಟಮಲ್ಲಪ್ಪ ಹಾರಿ ಬದುವಿಗೆ ಬಿದ್ದ. ಮಿಷನ್ನು ಹಿಂದುಹಿಂದಕ್ಕೆ ಜಾರಿ, ಮುದುಕಿ ಜಗುಲಿ ಮೇಲೆ ಕೂತಂತೆ, ತಾನೇ ತೋಡಿದ ಗುಂಡಿಯಲ್ಲಿ ಕುಕ್ಕರಿಸಿತು. ಮುಂದಿನ ಬಕೆಟ್ಟು ಮಾತ್ರ ಆಕಾಶ ನೋಡುತ್ತಿತ್ತು.

ಜನ ಗುಂಡಿಯ ಸುತ್ತ ನೆರೆದು ಬಗ್ಗಿ ನೋಡಿದರು. ಕೊನೆಗೆ ದೊಡ್ಡಬಸಮ್ಮನೇ ಎಂದಳು: "ಅಷ್ಟೊಂದ್ ಹರಳೆಣ್ಣೆ ಕುಡುದ್ರೆ ಇನ್ನೇನಾಯ್ತದೆ?"

ವಸಂತಮ್ಮ ಬುತ್ತಿಯ ಗಂಟು ಬಿಗಿದಳು. "ನಮ್ಮಪ್ಪನ್ ಎತ್ತಾಗಿದ್ರೆ ಬಿದ್ರೂ ತಾವೇ ಎದ್ಕಂಡು ಬರವು" ಎಂದಳು.

ಊರಿನವರ ಎತ್ತುಗಳನ್ನು ಕಟ್ಟಿ ಎಳೆಸಿದರು. ಹಗ್ಗ ತುಂಡಾಯಿತು. ಚೌಡೇಶ ತಲೆ ಒರೆಸಿಕೊಳ್ಳುತ್ತ, "ಮುಂದ್ಗಡೆ ಇಳಿಜಾರಾಗಿ ಅಗುದ್ರೆ ಸಲೀಸಾಗ್ ಬತ್ತದೆ" ಎಂದ. ಗುದ್ದಲಿ, ಹಾರೆ, ಮಂಕರಿ ಬಂದವು. ಮಿಷನ್ನು ಬಿದ್ದಿದೆಯಂತೆ ಎಂಬ ಸುದ್ದಿ ಸುತ್ತಲಿನ ಊರುಗಳಿಗೆ ಹಬ್ಬಿ, ಜನ ನೋಡಲು ಓಡಿಬಂದರು. ಬಂದವರು ಸುಮ್ಮನೆ ನಿಲ್ಲುತ್ತಾರೆಯೇ? "ಆ ಕಡಿಂದ ಅಗೀರ್ಲಾ", "ಅದಲ್ಲ ಕಣ್ಲಾ, ಚಕ್ರದ್ ಬುಡುಕ್ಕೆ" ಎನ್ನುತ್ತ ತಲೆಗೊಂದು ಸಲಹೆ ಕೊಟ್ಟು, ತಮ್ಮ ಸಲಹೆಯೇ ಸರಿಯೆಂದು ತೋರಿಸಲು ತಾವೇ ಗುದ್ದಲಿ ಹಿಡಿದರು. ಕೂಲಿಗೆ ಕರೆದರೂ ಸಿಗದ ಆಳುಗಳೆಲ್ಲ ಅಲ್ಲಿದ್ದರು. ಅಗೆದಷ್ಟೂ ಮಿಷನ್ನು ಕೆಳಕ್ಕೆ ಸರಿಯಿತು. ಸರಿದಷ್ಟೂ ಅವರು ಅಗೆದರು. ಪುಟ್ಟಮಲ್ಲಪ್ಪ ಎಲ್ಲರಿಗೂ ಕೈಮುಗಿಯುತ್ತ ಗುಂಡಿಯ ಸುತ್ತ ಗಾಣದ ಎತ್ತಿನಂತೆ ಸುತ್ತಿದ.

ಬಿಸಿಲು ಇಳಿಯುವ ಹೊತ್ತಿಗೆ ಗುಂಡಿಯೊಳಗಿಂದ ಯಾರೋ ಕೂಗಿದರು: "ಸೆಲೆ ಒಡೀತು! ನೀರು ಕಣ್ರಲೇ, ನೀರು!"

ನೀರು ಚಕ್ರ ಮುಳುಗಿಸಿತು, ಸೀಟು ಮುಳುಗಿಸಿತು, ಲಿವರುಗಳನ್ನು ಒಂದೊಂದಾಗಿ ನುಂಗಿತು. ಜನ ಕುಣಿದರು. ದೊಡ್ಡಬಸಮ್ಮ ಗುಂಡಿಗೆ ಅರಿಸಿನ ಕುಂಕುಮ ಎರಚಿದಳು.

ಪುಟ್ಟಮಲ್ಲಪ್ಪನ ಎದೆಯಲ್ಲೂ ಒಂದು ಸೆಲೆ ಒಡೆಯಿತು. ಮಿಷನ್ನು ಹೋದರೇನು? "ಶಿವಯ್ಯಣ್ಣ, ಒಂದಿನದಲ್ಲೇ ನೀರ್ ಬಂತಲ್ಲ. ಹೋರಿ ಹೊಡ್ಕಂಡ್ ಹೋಗ್ಲಾ?"

ಶಿವಯ್ಯ ಗಲ್ಲ ಕೆರೆದುಕೊಂಡ. "ಮಿಷನ್ನು ಬಾವಿ ತೋಡುದ್ರೆ ಹೋರಿ ಅಂದಿದ್ದು ಕಣಪ್ಪ. ಬಾವಿ ತೋಡಿದ್ದು ಜನ. ನಿನ್ ಮಿಷನ್ ಬಿದ್ಕತು, ಅಷ್ಟೆಯಾ. ಬೀಳೋದುಕ್ಕೆಲ್ಲ ಹೋರಿ ಕೊಟ್ಟಾರಾ?"

"ಹಂಗಾರೆ ನಾಳೆ ಪಂಪ್‌ಸೆಟ್ ತಂದು ನೀರ್ ಖಾಲಿ ಮಾಡಿ ನನ್ ಮಿಷನ್ ಎತ್ಕತೀನಿ."

"ಮುಟ್ಟೀಯ ಜ್ವಾಕೆ!" ದೊಡ್ಡಬಸಮ್ಮ ಕೋಲು ಎತ್ತಿದಳು. "ಮಾದಪ್ಪ ಕೊಟ್ಟಿರೋ ನೀರ್ನ ಹೊರುಕ್ಕೆ ಚೆಲ್ಲೀಯಾ?"

ಆಗಲೇ ಹೆಂಗಸರು ಬಿಂದಿಗೆ ತಂದಿದ್ದರು. ನೀರಿನಿಂದ ಹೊರಗೆ ಚಾಚಿದ್ದ ಮುಂದಿನ ಬಕೆಟ್ಟು ಅವರಿಗೆ ಒಳ್ಳೆಯ ಮೆಟ್ಟಿಲಾಗಿತ್ತು. ಅತ್ತ ವಸಂತಮ್ಮ ಮುಳ್ಳೂರಿಗೆ ಹೋಗಲು ಕೊಳ್ಳೇಗಾಲದ ಬಸ್ಸು ಎಷ್ಟು ಹೊತ್ತಿಗೆಂದು ಯಾರನ್ನೋ ಕೇಳುತ್ತಿದ್ದಳು.

ಪುಟ್ಟಮಲ್ಲಪ್ಪ ಬದುವಿನ ಮೇಲೆ ಕುಸಿದು ಕೂತ. ಅಷ್ಟರಲ್ಲಿ ಬಿಳಿ ರುಮಾಲಿನ ಹಿರಿಯರೊಬ್ಬರು ಹತ್ತಿರ ಬಂದು ಕೈಮುಗಿದರು.

"ಸಾ, ನಾನು ಅಜ್ಜೀಪುರದ ದೊಡ್ಡಮಾದಪ್ಪ. ನಮಗೂ ಒಂದ್ ಬಾವಿ ಆಗ್ಬೇಕಿತ್ತು."

ಪುಟ್ಟಮಲ್ಲಪ್ಪ ಧಡಕ್ಕನೆ ಎದ್ದು ನಿಂತ. ವಸಂತಮ್ಮನೂ ತಿರುಗಿ ನೋಡಿದಳು.

"ಆಗ್ಲಿ ಬುದ್ದಿ! ಈ ಮಿಷನ್ ಹೋದ್ರೆ ಹೋಯ್ತು, ಇನ್ನೊಂದ್ ತತ್ತೀನಿ. ಎಲ್ಲಾ ಪೈಪು ಹೊಸಾವು ಹಾಕಿ, ಇಂಜಿನ್ ಬಿಚ್ಚಿ..."

"ಅಯ್ಯಯ್ಯೋ, ಅದೊಂದ್ ಮಾತ್ರ ಬ್ಯಾಡಿ ಸಾ!" ಹಿರಿಯರು ಗಾಬರಿಯಿಂದ ಅವನ ಕೈ ಹಿಡಿದುಕೊಂಡರು. "ಬಾವಿ ತೋಡಿ ಅಂತ ಕರುದ್ರೆ ನಮ್ಮೂರಲ್ಲಿ ಒಬ್ಬ ಗುದ್ಲಿ ಮುಟ್ಟಾಕಿಲ್ಲ. ಮಿಷನ್ ಬಿದ್ದದೆ ಅಂದ್ರೆ ಹತ್ತೂರ್ ಜನ ಬಂದು ಅಗೀತಾರೆ. ಕೆಟ್ಟೋಗಿರೋದೇ ಒಂದ್ ತಂದು ಬೀಳಿಸ್ಕೊಡಿ ಸಾಕು, ರಿಪೇರಿ ಮಾತ್ರ ಮಾಡ್ಬ್ಯಾಡಿ!"