ನೆಹರೂ ಮಲಗಿದ್ದ ಗಾದಿ

ಇನ್ನು ಮುಂದೆ ತಾನು ಹತ್ತಿಯ ಧೂಳು ಕುಡಿಯುವ ಗಾದಿ ನಿಯಾಜ್ ಅಲ್ಲ, ಇತಿಹಾಸದ ಮೇಲೆ ಬಂಡವಾಳ ಹೂಡುವ ನಿಯಾಜ್ ಅಹಮದ್ ಎಂದು ಅವನು ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದಿನ ತನ್ನ ಅಂಗಡಿಯಲ್ಲಿ, ಹತ್ತಿ ಹಿಂಜುವ ಯಂತ್ರದ ಪಕ್ಕ ನಿಂತು ಪ್ರತಿಜ್ಞೆ ಮಾಡಿಬಿಟ್ಟ. ಸಾಕ್ಷಿಗೆ ಇದ್ದದ್ದು ಎರಡು ಲೋಡು, ಒಂದು ದಬ್ಬಣ. ಅವು ಯಾವುವೂ ಬೇಡ ಎನ್ನಲಿಲ್ಲ!

ಇದಕ್ಕೆಲ್ಲ ಕಾರಣ ಮೊಬೈಲಿನಲ್ಲಿ ಬಂದ ಒಂದು ವಿಡಿಯೊ. ಕೋಟು ಹಾಕಿಕೊಂಡ ಒಬ್ಬ ಪುಣ್ಯಾತ್ಮ ಅದರಲ್ಲಿ ಬೆರಳು ಆಡಿಸುತ್ತ ಉಪದೇಶ ಮಾಡುತ್ತಿದ್ದ. ಚಿನ್ನದ ಮೇಲೆ ದುಡ್ಡು ಹಾಕುವವರು ದಡ್ಡರಂತೆ, ಸೈಟಿನ ಮೇಲೆ ಹಾಕುವವರು ಶತದಡ್ಡರಂತೆ. ಜಾಣರೆಲ್ಲ ಈಗ ಹಿಂದಿನ ಕಾಲದ ದೊಡ್ಡ ನಾಯಕರು ಬಳಸಿ ಬಿಟ್ಟ ವಸ್ತುಗಳನ್ನು ಕೊಳ್ಳುತ್ತಿದ್ದಾರಂತೆ. ಅವರ ಕನ್ನಡಕ, ಅವರ ಪೆನ್ನು, ಕಿತ್ತುಹೋದ ಅವರ ಚಪ್ಪಲಿ, ಏನಾದರೂ ಸರಿ, ಇಟ್ಟುಕೊಂಡರೆ ಸಾಕು, ಕೋಟಿ! ನಿಯಾಜ್ ಊಟ ತಣ್ಣಗಾಗಲು ಬಿಟ್ಟು ಆ ವಿಡಿಯೊವನ್ನು ಮತ್ತೆ ಮತ್ತೆ ನೋಡಿದ.

ಹೆಂಡತಿ ಆಮಿನಾಳ ಮುಂದೆ ಬಾಯಿ ಬಿಡುವ ಹಾಗಿರಲಿಲ್ಲ. ಹಿಂದೊಮ್ಮೆ ಅವನು ಎಮು ಹಕ್ಕಿ ಸಾಕಿ ಶ್ರೀಮಂತನಾಗಲು ಹೊರಟಾಗ, ಮೊಟ್ಟೆ ಕೊಳ್ಳುವವರು ಯಾರೂ ಬಾರದೆ ಮನೆಮಂದಿಯೆಲ್ಲ ಬೆಳಿಗ್ಗೆ ಸಂಜೆ ಎಮು ಆಮ್ಲೆಟ್ ತಿಂದು ಮುಗಿಸಿದ್ದರು. ಕೊನೆಯ ಹಕ್ಕಿ ತುಂಗಭದ್ರೆಯ ಸೇತುವೆ ದಾಟಿ ಓಡಿಹೋದದ್ದನ್ನು ಕಂಡವರು ಊರಲ್ಲಿ ಇನ್ನೂ ಇದ್ದಾರೆ. ಮಗಳು ಇಲ್ಮಾಳ ಮದುವೆ ಮುಗಿಯುವವರೆಗೆ ಬಂಡವಾಳ ಎನ್ನುವ ಶಬ್ದವೇ ಮನೆಯಲ್ಲಿ ಕೇಳಬಾರದೆಂದು ಆಮಿನಾ ಅಂದೇ ಗಂಡನಿಂದ ಮಾತು ತೆಗೆದುಕೊಂಡಿದ್ದಳು.

ಆ ಮದುವೆ ಈಗ ಹತ್ತಿರ ಬಂದಿತ್ತು. ವರ ಮುಬೀನ್, ನ್ಯಾಮತಿಯ ಬಟ್ಟೆ ವ್ಯಾಪಾರಿ ಜುಬೇರ್ ಸಾಹೇಬರ ಮಗ. ಆಮಿನಾ ಸವಳಂಗದ ಬಡಗಿಯ ಬೆನ್ನು ಬಿದ್ದು ಮಗಳಿಗೆಂದು ಸಾಗುವಾನಿಯ ಮಂಚ ಮಾಡಿಸಿದ್ದಳು. ತಲೆಯ ಕಡೆ ಎದುರುಬದುರಾಗಿ ಎರಡು ನವಿಲು. ಮಂಚವನ್ನು ಒಳಗೆ ತರುವಾಗ ನಿಯಾಜ್ ಅವಸರಪಟ್ಟು ಬಾಗಿಲಿಗೆ ತಾಗಿಸಿ ಎಡಗಡೆಯ ನವಿಲಿನ ಕೊಕ್ಕು ಮುರಿದಿದ್ದ. ಅದಕ್ಕಾಗಿ ಅವನು ಕೇಳಿಸಿಕೊಂಡ ಮಾತುಗಳನ್ನು ನೆನೆದರೆ, ಜೀವಂತ ನವಿಲನ್ನೇ ಕೊಂದು ಜೈಲಿಗೆ ಹೋಗಿದ್ದರೂ ಅಷ್ಟು ಕೇಳಬೇಕಾಗಿರಲಿಲ್ಲ! ಏನೇ ಆದರೂ ಆಮಿನಾಳ ಪಾಲಿಗೆ ಆ ಮಂಚವೆಂದರೆ ಜೀವ. ದಿನಕ್ಕೊಮ್ಮೆ ಸೆರಗಿನಿಂದ ಒರೆಸದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಂಥ ಹೊತ್ತಿನಲ್ಲೇ ನಿಯಾಜ್ ಜಗಳೂರಿಗೆ ಗಾದಿ ತಲುಪಿಸಲು ಹೋದ. ಹಳೇ ಸಾಮಾನಿನ ವ್ಯಾಪಾರಿ ಮುರುಗೇಶಪ್ಪನ ಕೈಗೆ ಸಿಕ್ಕ. ನಾಯಕರ ಪೆನ್ನು, ಕನ್ನಡಕ ಏನಾದರೂ ಇದೆಯೇ ಎಂದು ನಿಯಾಜ್ ದನಿ ತಗ್ಗಿಸಿ ಕೇಳಿದ. ಅವೆಲ್ಲ ಎಂದೋ ಖರ್ಚಾದವು ಎಂದು ಮುರುಗೇಶಪ್ಪ ನಿಟ್ಟುಸಿರು ಬಿಟ್ಟ. ಆಮೇಲೆ ಆಚೆ ಈಚೆ ನೋಡಿ, ಒಳಕೋಣೆಗೆ ಕರೆದುಕೊಂಡು ಹೋಗಿ, ಒಂದು ಜಮಖಾನೆ ಸರಿಸಿದ. ಅಡಿಯಲ್ಲಿ ಒಂದು ಗಾದಿ ಇತ್ತು.

"ನೆಹರೂ ಅವರು ಈ ಕಡೆ ಬಂದಾಗ ಪ್ರವಾಸಿ ಮಂದಿರದಾಗೆ ಮಧ್ಯಾಹ್ನ ಇದರ ಮ್ಯಾಲೇ ಅಡ್ಡ ಆಗಿದ್ರು ಸಾಹೇಬ್ರೆ," ಅಂದ ಮುರುಗೇಶಪ್ಪ. "ದಾರ ನೋಡ್ರಿ. ಎಲ್ಲರ ಗಾದಿಗೂ ಬಿಳಿ ದಾರ ಹಾಕ್ತಾರೆ. ಇದಕ್ಕೆ ಕೆಂಪು ಹಾಕ್ಯಾರೆ. ಯಾಕೆ ಹೇಳ್ರಿ? ಅವರ ಗುಲಾಬಿ ಹೂವು!"

ನಿಯಾಜನ ಮೈ ಜುಮ್ಮೆಂದಿತು. ಗಾದಿಯ ಮೇಲೆ ಅಂಗೈ ಇಟ್ಟರೆ ಹತ್ತಿ ಎಲ್ಲಿಯದು, ಹಿಂಜಿ ಎಷ್ಟು ವರ್ಷವಾಯಿತು, ಅದರ ಮೇಲೆ ಮಲಗುವವನು ಬಲಮಗ್ಗುಲೋ ಎಡಮಗ್ಗುಲೋ ಎಲ್ಲ ಹೇಳಬಲ್ಲ ಕೈ ಅವನದು. ತಲೆಮಾರುಗಳಿಂದ ಬಂದ ವಿದ್ಯೆ! ಆದರೆ ನೆಹರೂ ಹೆಸರು ಕಿವಿಗೆ ಬಿದ್ದದ್ದೇ ತಡ, ಆ ಕೈ ಮರ್ಯಾದೆಯಿಂದ ಜೇಬಿನೊಳಗೆ ಹೋಗಿ ಕೂತಿತು.

ಇತಿಹಾಸಕ್ಕೆ ದುಡ್ಡಿನಲ್ಲಿ ಬೆಲೆ ಕಟ್ಟುವ ಪಾಪ ತನಗೆ ಬೇಡ, ಒಳ್ಳೆಯ ಸಾಗುವಾನಿ ಮಂಚ ಏನಾದರೂ ಇದ್ದರೆ ಬದಲಿಗೆ ಕೊಡಿ ಸಾಕು ಎಂದ ಮುರುಗೇಶಪ್ಪ. ನಿಯಾಜ್ ಅಲ್ಲೇ ಲೆಕ್ಕ ಹಾಕಿದ. ಮದುವೆಗೆ ಮೊದಲೇ ಗಾದಿ ಮಾರಿದರೆ ಬರುವ ಹಣದಲ್ಲಿ ಮಗಳಿಗೆ ಅಂಥ ಹತ್ತು ಮಂಚ ಮಾಡಿಸಬಹುದು, ಕೊಕ್ಕು ಇರುವಂಥವನ್ನೇ! ಆಮಿನಾ ಬಸವಾಪಟ್ಟಣದ ತವರಿಗೆ ಹೋದ ದಿನ ನೋಡಿ ಮಂಚವನ್ನು ಗೂಡ್ಸ್ ಆಟೋದಲ್ಲಿ ಜಗಳೂರಿಗೆ ಸಾಗಿಸಿ, ಅದರಲ್ಲೇ ಗಾದಿ ತಂದ. ಅವಳು ಬಂದು ಖಾಲಿ ಜಾಗ ನೋಡಿ ಕೇಳಿದಾಗ, ಪಾಲಿಶ್ ಮಾಡಿ ಕೊಕ್ಕು ಕೂರಿಸಲು ಸವಳಂಗಕ್ಕೆ ಕಳಿಸಿದ್ದೇನೆಂದ. ಗಂಡನಿಗೆ ಕೊನೆಗೂ ಬುದ್ಧಿ ಬಂತೆಂದು ಆಮಿನಾಗೆ ಕಣ್ಣು ತುಂಬಿ ಬಂತು. ಅದನ್ನು ನೋಡಲಾರದೆ ನಿಯಾಜ್ ಅಂಗಡಿಯ ಕಡೆ ನಡೆದ.

ಇನ್ನು ಗಾದಿ ಬಚ್ಚಿಡುವ ಕೆಲಸ. ಗಾದಿ ಬಚ್ಚಿಡಲು ಗಾದಿ ಅಂಗಡಿಗಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಎಲ್ಲಿದೆ? ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡ. ಹೊಸ ಗಾದಿಗಳ ನಡುವೆ ಇಟ್ಟರೆ ಹಳೆಯದು ಎದ್ದು ಕಾಣುತ್ತದೆಂದು, ಜನ ಮತ್ತೆ ಹಿಂಜಿಸಲು ತಂದು ಹಾಕಿದ್ದ ಹಳೆ ಗಾದಿಗಳ ರಾಶಿಯ ಅಡಿಗೆ ಅದನ್ನು ತೂರಿಸಿ ನೆಮ್ಮದಿಯಾಗಿ ಉಸಿರು ಬಿಟ್ಟ.

ಗುಟ್ಟು ಬಚ್ಚಿಡಬಹುದು, ಹೆಮ್ಮೆ ಬಚ್ಚಿಡುವುದು ಹೇಗೆ? ಮದುವೆ ಮಾತಿಗೆಂದು ನ್ಯಾಮತಿಗೆ ಹೋದಾಗ ಬೀಗರಾದ ಜುಬೇರ್ ಸಾಹೇಬರ ಕಿವಿಯಲ್ಲಿ ಎಲ್ಲವನ್ನೂ ಸುರಿದುಬಿಟ್ಟ, ಕೊಟ್ಟ ಮಂಚವೊಂದನ್ನು ಬಿಟ್ಟು. ಬಟ್ಟೆ ಬರೆ ಬಿಡಿ, ನಾಯಕರ ವಸ್ತು ಹಿಡಿಯಿರಿ ಎಂದು ಬುದ್ಧಿ ಹೇಳಿದ. ಜುಬೇರ್ ಸಾಹೇಬರು ಟೀ ಬಟ್ಟಲನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಕುಡಿಯುವುದನ್ನು ಮರೆತು ಕೇಳಿದರು. ಹೊರಡುವಾಗ ನಿಯಾಜ್ ಬೀಗತನದ ಅಭಿಮಾನದಿಂದ ಮುರುಗೇಶಪ್ಪನ ಫೋನ್ ನಂಬರನ್ನೂ ಅವರಿಗೆ ಕೊಟ್ಟು ಬಂದ.

ಗಿರಾಕಿ ಸಿಕ್ಕಿದ್ದು ಚನ್ನಗಿರಿಯಲ್ಲಿ. ಅಕ್ಕಿ ಗಿರಣಿಯ ಹಾಲೇಶಪ್ಪ ಹೊಸ ಮನೆ ಕಟ್ಟಿಸಿ, ಷೋಕೇಸಿನಲ್ಲಿ ಇಡಲು ಮರ್ಯಾದಸ್ಥ ವಸ್ತು ಹುಡುಕುತ್ತಿದ್ದರು. ಗಾದಿಯನ್ನು ಕಣ್ಣಾರೆ ನೋಡಿಯೇ ಮಾತು ಎಂದವರನ್ನು ನಿಯಾಜ್ ಅವರದೇ ಕಾರಿನಲ್ಲಿ ಹೊನ್ನಾಳಿಗೆ ಕರೆತಂದ. ದಾರಿಯುದ್ದಕ್ಕೂ ನೆಹರೂ ಅವರ ಮಧ್ಯಾಹ್ನದ ನಿದ್ದೆಯನ್ನು ಎಷ್ಟು ಸೊಗಸಾಗಿ ವರ್ಣಿಸಿದನೆಂದರೆ ಕಾರಿನ ಡ್ರೈವರ್ ಎರಡು ಸಲ ಆಕಳಿಸಿದ!

ಅಂಗಡಿಯಲ್ಲಿ ಯಂತ್ರ ಭರ್ರೆಂದು ತಿರುಗುತ್ತಿತ್ತು. ಮೂಗು ಬಾಯಿಗೆ ದುಪಟ್ಟಾ ಸುತ್ತಿಕೊಂಡ ಆಮಿನಾ ಅರಳೆಯ ಮೋಡದ ನಡುವೆ ಕೂತಿದ್ದಳು. ನಿಯಾಜ್ ಮೂಲೆಗೆ ನೋಡಿದ. ರಾಶಿ ಇರಲಿಲ್ಲ. ರಾಶಿಯ ಅಡಿಯೂ ಇರಲಿಲ್ಲ. ಬರಿಯ ಸಿಮೆಂಟಿನ ನೆಲ ಅವನನ್ನು ನೋಡುತ್ತಿತ್ತು.

"ಇಲ್ಲೊಂದು ಹಳೇ ಗಾದಿ ಇತ್ತಲ್ಲ, ಕೆಂಪು ದಾರದ್ದು?"

"ಹಿಂಜಿದೆ," ಅಂದಳು ಆಮಿನಾ.

ನಿಯಾಜನ ಕಾಲ ಕೆಳಗಿನ ನೆಲವೂ ಹಿಂಜಿಹೋಯಿತು. ಬಾಯಿ ತೆರೆದ, ಅರಳೆ ಒಳಗೆ ಹೋಯಿತು. ಕೆಮ್ಮಿ ಕೆಮ್ಮಿ ಕಣ್ಣೀರು ತುಂಬಿಕೊಂಡು, ಅದನ್ನು ಯಾಕೆ ಹಿಂಜಿದೆ ಎಂದು ಕೇಳಿದ.

"ಹಿಂಜಾಕೆ ಹಾಕಿದ್ದನ್ನ ಹಿಂಜದೆ ಸಲಾಮು ಹೊಡೀತಾರೇನ್ರಿ?"

ಹಾಲೇಶಪ್ಪ ಗಾಳಿಯಲ್ಲಿ ತೇಲುತ್ತಿದ್ದ ಇತಿಹಾಸವನ್ನು ಒಂದು ಕ್ಷಣ ನೋಡಿದರು. ಅದರ ಒಂದು ಎಳೆ ಮೂಗಿಗೆ ಹೋಗಿ ದೊಡ್ಡದಾಗಿ ಸೀನಿದರು. ನೆಹರೂ ಗಾದಿ ಇದೇ ಏನು ಎಂದು ಸಮಾಧಾನವಾಗಿಯೇ ಕೇಳಿ, ಉತ್ತರಕ್ಕೆ ಕಾಯದೆ ಕಾರು ಹತ್ತಿ ಹೋದರು.

ಈಗ ಆಮಿನಾ ಯಂತ್ರ ನಿಲ್ಲಿಸಿದಳು. ದುಪಟ್ಟಾ ಬಿಚ್ಚಿದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ನಿಯಾಜ್ ವಿಡಿಯೊದಿಂದ ಹಿಡಿದು ಗುಲಾಬಿಯವರೆಗೆ, ಇಲ್ಲಿಯೂ ಮಂಚವೊಂದನ್ನು ಬಿಟ್ಟು, ಎಲ್ಲವನ್ನೂ ಒಪ್ಪಿಸಿದ. ಆಮಿನಾ ಕೇಳುತ್ತ ಕೇಳುತ್ತ ಕಣ್ಣು ಅರಳಿಸಿದಳು.

"ಆ ಗಾದಿ ಹೊಲಿದೋಳು ನಾನ್ರಿ," ಅಂದಳು. "ಇಲ್ಮಾ ಹೊಟ್ಟೇಲಿದ್ಲು. ಬಿಳಿ ದಾರ ತೀರಿತ್ತು. ತರಾಕೆ ಹೋದ ನೀವು ಟೀವಿ ಅಂಗಡಿ ಮುಂದೆ ಕ್ರಿಕೆಟ್ ನೋಡ್ಕೊಂತ ನಿಂತ್ರಿ. ಮನೇಲಿದ್ದ ಕೆಂಪು ದಾರದಾಗೆ ಮುಗಿಸಿದೆ. ಜಗಳೂರಿನ ಲಾಡ್ಜಿಗೆ ಹೊತ್ತು ಹಾಕಿ ಬಂದೋರೂ ನೀವೇ."

ಹಳೆಯ ಗಿರಾಕಿಯಿಂದ ಗಂಡ ಮಗಳಿಗೆಂದೇ ವಾಪಸ್ ತಂದಿದ್ದಾನೆಂದು ತಿಳಿದು, ಹತ್ತಿ ಚೆನ್ನಾಗಿದ್ದುದರಿಂದ ಅದನ್ನು ಹೊಸ ಹತ್ತಿಯ ಜೊತೆ ಸೇರಿಸಿ ಇಲ್ಮಾಳ ಮದುವೆ ಗಾದಿಗೆ ತುಂಬಿಬಿಟ್ಟಿದ್ದಳು. ನಿಯಾಜ್ ತನ್ನ ಕೈಯನ್ನು ಜೇಬಿನಿಂದ ತೆಗೆದು ನೋಡಿಕೊಂಡ. ತಾನೇ ಹಿಂಜಿದ ಹತ್ತಿ, ತಾನೇ ಹೊತ್ತ ಗಾದಿ! ಇಷ್ಟು ನಾಚಿಕೆ ಅವನಿಗೆ ಎಮು ಓಡಿಹೋದಾಗಲೂ ಆಗಿರಲಿಲ್ಲ.

"ಇದಕ್ಕೆ ಎಷ್ಟು ಕೊಟ್ರಿ?"

"ಒಂದು ಪೈಸೆ ಕೊಟ್ಟಿಲ್ಲ ಆಮಿನಾ. ನಿನ್ನಾಣೆ."

ಆಣೆ ಸುಳ್ಳಲ್ಲ! ಆಮಿನಾ ಉಸ್ಸೆಂದಳು. ಹಾಗಾದರೆ ಹೋಗಲಿ, ಮಂಚದ ಪಾಲಿಶ್ ಬೇಗ ಮುಗಿಸಲು ಹೇಳಿ ಎಂದು ಮತ್ತೆ ಯಂತ್ರ ಹಾಕಿದಳು.

ಮರುದಿನ ನಿಯಾಜ್ ಮೊದಲ ಬಸ್ಸಿಗೆ ಜಗಳೂರಿಗೆ ಓಡಿದ. ಮುರುಗೇಶಪ್ಪ ಕುರ್ಚಿ ಹಾಕಿದ, ಟೀ ತರಿಸಿದ, ಗಾದಿ ಲಾಡ್ಜಿನದಂತೆ ಎಂದದ್ದಕ್ಕೆ ಲಾಡ್ಜಿನವರು ತನಗೂ ಮೋಸ ಮಾಡಿದರಲ್ಲ ಎಂದು ತಾನೇ ಮೊದಲು ಮರುಗಿದ. ಮಂಚ ಕೇಳಿದರೆ ಮಾತ್ರ ಕೈ ಮುಗಿದ. ಅದು ಬಂದ ವಾರದಲ್ಲೇ ಯಾರೋ ದೊಡ್ಡವರು ಬಂದು ಒಯ್ದರಂತೆ. ಯಾರೆಂದು ಹೇಳುವುದು ವ್ಯಾಪಾರದ ಧರ್ಮವಲ್ಲವಂತೆ. ಅಲ್ಲಿಂದ ನಿಯಾಜ್ ಸವಳಂಗದ ಬಡಗಿಯ ಹತ್ತಿರ ಹೋಗಿ ಅಂಥದೇ ಇನ್ನೊಂದು ಬೇಕೆಂದು ಗೋಗರೆದ, ಕಾಲು ಹಿಡಿಯುವುದೊಂದು ಬಾಕಿ. ಮರ ಒಣಗಬೇಕು, ಮದುವೆಗೆ ಆಗುವ ಮಾತೇ ಇಲ್ಲ ಎಂದು ಬಡಗಿ ಉಳಿ ಮಸೆಯುತ್ತ ಹೇಳಿದ. ನಿಯಾಜನಿಗೆ ಆಮಿನಾಳ ಬೈಗುಳದ ಭಯವಿರಲಿಲ್ಲ. ಕೊಕ್ಕು ಕೂರಿಸಲು ಕಳಿಸಿದೆ ಎಂದಾಗ ತುಂಬಿ ಬಂದ ಆ ಕಣ್ಣುಗಳ ಭಯವಿತ್ತು. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಅನ್ನವನ್ನು ಕಲಸುತ್ತ ಕೂರುತ್ತಿದ್ದ.

ಅಷ್ಟರಲ್ಲಿ ಜುಬೇರ್ ಸಾಹೇಬರ ಫೋನ್ ಬಂತು. ಗಂಡ ಹೆಂಡತಿ ಇಬ್ಬರೂ ನ್ಯಾಮತಿಗೆ ಬರಲೇಬೇಕು, ತೋರಿಸುವುದೊಂದಿದೆ ಎಂದರು.

ಹೋದರು. ಜುಬೇರ್ ಸಾಹೇಬರು ಮದುಮಕ್ಕಳಿಗೆಂದು ಸುಣ್ಣ ಬಳಿಸಿದ ಕೋಣೆಗೆ ಕರೆದುಕೊಂಡು ಹೋಗಿ, ತಮ್ಮ ಅಂಗಡಿಯ ಹೊಸ ಬೆಡ್‌ಶೀಟ್ ಹೊದಿಸಿದ್ದ ಏನನ್ನೋ ಒಂದೇ ಏಟಿಗೆ ಬಯಲು ಮಾಡಿದರು. ಸಾಗುವಾನಿ ಮಂಚ! ತಲೆಯ ಕಡೆ ಎರಡು ನವಿಲು. ಎಡಗಡೆಯದಕ್ಕೆ ಕೊಕ್ಕಿಲ್ಲ.

ಕೋಣೆಯ ಫ್ಯಾನ್ ತಿರುಗುತ್ತಿತ್ತು, ನಿಯಾಜನೊಬ್ಬನಿಗೆ ಗಾಳಿ ಇರಲಿಲ್ಲ.

"ನಿಮ್ಮ ಮಾತು ಕೇಳಿದ್ದಕ್ಕೆ ಸಿಕ್ತು ನಿಯಾಜ್ ಭಾಯಿ," ಎಂದರು ಜುಬೇರ್ ಸಾಹೇಬರು. "ನೆಹರೂ ಮಲಗಿದ್ದ ಮಂಚ. ಈ ಕೊಕ್ಕು ನೋಡ್ರಿ. ಮಲಗೋ ಮುಂದೆ ಅವರು ಕೋಟು ತೂಗುಹಾಕಿದ್ರಂತೆ, ಆವಾಗ ಮುರೀತಂತೆ."

ಆಮಿನಾ ಮೆಲ್ಲನೆ ಹತ್ತಿರ ಹೋದಳು. ಮುರಿದ ಕೊಕ್ಕಿನ ಮೇಲೆ ಬೆರಳಾಡಿಸಿದಳು. ಸೆರಗಿನಿಂದ ನವಿಲನ್ನು ಒಮ್ಮೆ ಒರೆಸಿದಳು. ಆಮೇಲೆ ತಿರುಗಿ ಗಂಡನನ್ನು ನೋಡಿದಳು. ಆ ನೋಟದಲ್ಲಿ ಪಾಲಿಶ್, ಸವಳಂಗ, ಒಂದು ಪೈಸೆಯ ಆಣೆ, ಎಲ್ಲವೂ ಒಂದೊಂದಾಗಿ ಬಂದು ನಿಂತವು. ನಿಯಾಜ್ ಗೋಡೆಯ ಸುಣ್ಣದ ಗುಣಮಟ್ಟವನ್ನು ಪರೀಕ್ಷಿಸತೊಡಗಿದ.

ಇನ್ನು ಹೆಣ್ಣಿನ ಕಡೆಯವರು ಮಂಚ ಕೊಡುವುದು ಬೇಡ, ಮಕ್ಕಳು ಇದರ ಮೇಲೇ ಮಲಗಲಿ ಎಂದರು ಜುಬೇರ್ ಸಾಹೇಬರು. ಒಂದೇ ಕೊರಗೆಂದರೆ, ನಿಯಾಜ್ ಭಾಯಿಯ ನೆಹರೂ ಗಾದಿ ಇಷ್ಟರಲ್ಲಿ ಮಾರಿಹೋಗಿರಬೇಕು, ಇಂಥ ಮಂಚಕ್ಕೆ ತಕ್ಕ ಗಾದಿ ಇನ್ನೆಲ್ಲಿಂದ ತರುವುದು?

ನಿಯಾಜ್ ಕಣ್ಣು ಮುಚ್ಚಿಕೊಂಡ. ಆಮಿನಾ ಬಾಯಿ ಬಿಟ್ಟರೆ ಮಾನವೂ ಹೋಯಿತು, ಮದುವೆಯೂ ಹೋಯಿತು!

"ಚಿಂತೆ ಮಾಡಬ್ಯಾಡ್ರಿ ಭಾಯಿ," ಅಂದಳು ಆಮಿನಾ. "ಈ ಮಂಚ ಯಾವ ಮನೇದೋ, ಅದೇ ಮನೆ ಗಾದಿ ನಮ್ಮ ಹತ್ರ ಐತೆ. ಇಲ್ಮಾ ಜೊತೇಲೇ ಕಳಿಸ್ತೀನಿ."

ಜುಬೇರ್ ಸಾಹೇಬರು ಆನಂದದಿಂದ ಅಡುಗೆಮನೆಯ ಕಡೆ ಕೂಗಿದರು. ಖೀರು ಬಂತು. ನಿಯಾಜ್ ಕುಡಿದ, ಸಿಹಿಯೋ ಉಪ್ಪೋ ಗೊತ್ತಾಗಲಿಲ್ಲ.

ವಾಪಸ್ ಬಸ್ಸಿನಲ್ಲಿ ಆಮಿನಾ ಕಿಟಕಿಯ ಕಡೆ ಕೂತು ಹೊರಗೆ ನೋಡುತ್ತಿದ್ದಳು. ನಿಯಾಜ್ ಪಕ್ಕದಲ್ಲಿ ಕೈಕಟ್ಟಿ ಕೂತು ಬೈಗುಳಕ್ಕಾಗಿ ಕಾದ. ಅದು ಬರಲಿಲ್ಲ. ತಪ್ಪಾಯಿತು ಎಂದ. ಆಮಿನಾ ಅವನ ಕಡೆ ತಿರುಗಿದಳು.

"ಆ ಮುರುಗೇಶಪ್ಪ ಹಳೇ ಸಾಮಾನು ಯಾವುದಿದ್ರೂ ತಗೊಂತಾನೇನ್ರಿ?"

ಬೈಗುಳವಲ್ಲ ಎಂಬ ಸಂತೋಷಕ್ಕೆ ನಿಯಾಜ್ ನೆಟ್ಟಗಾದ. ಧಾರಾಳವಾಗಿ ತಗೊಳ್ಳುತ್ತಾನೆ, ಏನು ಕೊಡಬೇಕಾಗಿದೆ ಎಂದು ಉತ್ಸಾಹದಿಂದ ಕೇಳಿದ.

ಅಷ್ಟರಲ್ಲಿ ಕಂಡಕ್ಟರ್ ಬಂದ. ಆಮಿನಾ ಆಧಾರ್ ಕಾರ್ಡ್ ತೋರಿಸಿ ಹೆಂಗಸರ ಉಚಿತ ಟಿಕೆಟ್ ತೆಗೆದುಕೊಂಡಳು. ಪಕ್ಕದವರಿಗೆ ಎಲ್ಲಿಗೆ ಎಂದು ಅವನು ಕೇಳಿದಾಗ ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಇದಕ್ಕೆ ಲಗೇಜ್ ಟಿಕೆಟ್ ಕೊಡ್ರಿ ಅಣ್ಣಾ," ಅಂದಳು. "ಜಗಳೂರಿಗೆ ಹೋಗೋ ಹಳೇ ಸಾಮಾನು."