ಅನುದಾನದ ಮೇಡಂ ನಾರ್ವೆಗೆ ಬಂದದ್ದು

ಒಂದು ವರ್ಷದ ಅನುದಾನ ಪಡೆಯಲು ನನಗೆ ಏನೇನು ಖರ್ಚಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಟ್ರಸ್ಟಿನ ಲೆಕ್ಕಪತ್ರ ಸರಿ ಮಾಡಿಸಿ ಆಡಿಟರ್ ಕೈಯಲ್ಲಿ ಸಹಿ ಹಾಕಿಸಬೇಕಿತ್ತು. ಅದಕ್ಕೆ ಅಂಗಡಿಯಲ್ಲಿದ್ದ ಒಂದು ಒಳ್ಳೆಯ ಕಳೆ ಕೊಚ್ಚುವ ಯಂತ್ರವನ್ನು ಬಂದ ಬೆಲೆಗೆ ಮಾರಿದೆ. ಝೆರಾಕ್ಸ್ ಅಂಗಡಿಯವನ ಹಳೆಯ ಸ್ನೇಹ ಹೋಯಿತು. ಧರ್ಮಕಾರ್ಯ ಎಂದು ಹೇಳಿ ನಾನು ಹಾಳೆಗೆ ಅರ್ಧ ದರ ಮಾಡಿಸಿಕೊಂಡಿದ್ದೆ, ಅವನು ಅರ್ಧ ಮಾತ್ರ ಕಾಣುವ ಪ್ರತಿ ತೆಗೆದುಕೊಟ್ಟ. ಕೊನೆಯದಾಗಿ, ಇಷ್ಟು ವರ್ಷ ಕಟ್ಟಿಕೊಂಡು ಬಂದ ನನ್ನ ವ್ಯಾಪಾರಿ ಮರ್ಯಾದೆ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಒಂದು ಮನೆಯ ಜಗಲಿಯಲ್ಲಿ, ಕಡುಬಿನ ತಟ್ಟೆಯ ಎದುರು ಹೋಯಿತು. ಇವುಗಳಲ್ಲಿ ಯಂತ್ರಕ್ಕೆ ಮಾತ್ರ ರಸೀದಿ ಇದೆ.

ನಾನು ಕೊಪ್ಪದಲ್ಲಿ ಹಳೆಯ ಕೃಷಿ ಯಂತ್ರಗಳನ್ನು ಕೊಂಡು, ರಿಪೇರಿ ಮಾಡಿ ಮಾರುವವನು. ಬಸ್‌ಸ್ಟ್ಯಾಂಡಿನಲ್ಲಿ ಸ್ಪ್ಯಾನರ್ ಚೀಲ ಹಿಡಿದು ನಿಂತಿದ್ದವನು ಈಗ ಸ್ವಂತ ಶೆಡ್ಡಿನಲ್ಲಿ ಕೂತಿದ್ದೇನೆ ಎಂದರೆ ಅದಕ್ಕೆ ಕಾರಣ ಚೌಕಾಸಿ. ಚೌಕಾಸಿಯಲ್ಲಿ ನನ್ನ ಸೂತ್ರ ಒಂದೇ: ಅಳಬೇಕು. ಕೊಳ್ಳುವಾಗ "ನನ್ನ ಹತ್ರ ಎಲ್ಲಿದೆ ಮಾರಾಯ" ಎಂದು ಅಳಬೇಕು. ಮಾರುವಾಗ "ಈ ರೇಟಿಗೆ ಕೊಟ್ರೆ ನನ್ನ ಮಕ್ಕಳು ಎಂತ ತಿನ್ಬೇಕು" ಎಂದು ಅಳಬೇಕು. ನನ್ನ ಮಕ್ಕಳಿಬ್ಬರೂ ನನಗಿಂತ ದಪ್ಪ ಇದ್ದಾರೆ, ಅದು ಬೇರೆ ವಿಷಯ.

ಈ ವಿದ್ಯೆ ನೋಡಿಯೇ ನನ್ನನ್ನು ಟ್ರಸ್ಟಿನ ಕಾರ್ಯದರ್ಶಿ ಮಾಡಿದ್ದು. ಅಡಿಕೆ ಮರದಿಂದ ಬಿದ್ದು ಬೆನ್ನು ಸೊಂಟ ಮುರಿದುಕೊಂಡವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವ ಟ್ರಸ್ಟ್ ನಮ್ಮದು. ಆಸ್ತಿ ಎಂದರೆ ಒಂದು ಓಮ್ನಿ ವ್ಯಾನ್ ಮತ್ತು ವಿನೀತಾ. ವಿನೀತಾ ನರಸಿಂಹರಾಜಪುರದ ಹುಡುಗಿ, ಫಿಸಿಯೋಥೆರಪಿ ಕಲಿತವಳು. ಒಂದು ದಿನ ಕೊಪ್ಪದ ಕಡೆ, ಇನ್ನೊಂದು ದಿನ ಶೃಂಗೇರಿ ಕಡೆ, ಮತ್ತೊಂದು ದಿನ ತನ್ನ ಊರಿನ ಕಡೆ ಹೋಗಿ, ಮಲಗಿದವರನ್ನು ಗದರಿಸಿ ಎಬ್ಬಿಸುತ್ತಾಳೆ. ಅವಳ ಸಂಬಳ ಕೊಡುತ್ತಿದ್ದ ದಾನಿಯೊಬ್ಬರು ಕೈಯೆತ್ತಿದ ಹೊತ್ತಿಗೇ ಶಿವಮೊಗ್ಗದ ಆಸ್ಪತ್ರೆಯೊಂದು ಅವಳನ್ನು ಕರೆಯಿತು. "ಸರ್, ನಂಗೆ ಹೋಗಕ್ಕೆ ಮನಸ್ಸಿಲ್ಲ. ಆದ್ರೆ ಎರಡು ತಿಂಗಳೊಳಗೆ ಉತ್ತರ ಹೇಳ್ಬೇಕು" ಎಂದಳು. ಅವಳು ಹೋದರೆ ನಾರ್ವೆಯ ಶೇಖರ ಮತ್ತೆ ಚಾಪೆಗೆ ಹೋಗುತ್ತಾನೆ ಎಂದು ನನಗೆ ಗೊತ್ತಿತ್ತು. ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದ ಶೇಖರ ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದ.

ಅನುದಾನ ಹುಡುಕುವುದು ಹೆಣ್ಣು ನೋಡುವುದಕ್ಕಿಂತ ಕಷ್ಟ. ಕೊಡುವವರು ಯಾರು ಎಂದು ತಿಳಿಯದೆ ಮೊದಲು ಸಿಕ್ಕಸಿಕ್ಕ ಕಂಪನಿಗೆಲ್ಲ ಒಂದೇ ಅರ್ಜಿ ಕಳಿಸಿದೆ. ಒಬ್ಬರು ತುಂಬ ವಿನಯದಿಂದ, ತಾವು ಕಡಲಾಮೆಗಳಿಗೆ ಮಾತ್ರ ಕೊಡುವುದೆಂದು ಉತ್ತರಿಸಿದರು. ಇನ್ನೊಬ್ಬರ ಅರ್ಜಿಯಲ್ಲಿ "ಐದು ವರ್ಷದ ನಂತರ ನಿಮ್ಮ ಸಂಸ್ಥೆ ಎಲ್ಲಿರುತ್ತದೆ?" ಎಂಬ ಪ್ರಶ್ನೆ ಇತ್ತು. ನಾನು "ಕೊಪ್ಪದಲ್ಲೇ" ಎಂದು ಬರೆದೆ. ಅವರು ಮತ್ತೆ ಪತ್ರ ಬರೆಯಲಿಲ್ಲ. ಕೊನೆಗೆ ಬೆಂಗಳೂರಿನ ಒಂದು ಪ್ರತಿಷ್ಠಾನ ಅಪಘಾತದಲ್ಲಿ ಅಂಗ ಊನವಾದವರಿಗೆ ಸಹಾಯ ಮಾಡುತ್ತದೆ ಎಂದು ವಿನೀತಾ ಹುಡುಕಿ ತಂದಳು. ಅವಳು ಕಂಪ್ಯೂಟರ್ ಮುಂದೆ ಕೂತಳು, ನಾನು ಹೇಳುತ್ತಾ ಹೋದೆ. ಹೇಗೆ ಹೇಳಿದೆ ಎಂದರೆ ನನ್ನ ಸೂತ್ರದ ಪ್ರಕಾರವೇ ಹೇಳಿದೆ. ಇವರೆಲ್ಲ ದಿಕ್ಕಿಲ್ಲದವರು ಎಂದೆ. ಶೇಖರನ ಮನೆಯಲ್ಲಿ ದಿನಕ್ಕೆ ಒಂದೇ ಹೊತ್ತು ಒಲೆ ಹೊತ್ತುವುದು ಎಂದೆ. "ಸರ್, ಜಲಜಕ್ಕನಿಗೆ ಗೊತ್ತಾದ್ರೆ?" ಎಂದು ವಿನೀತಾ ಕೈ ನಿಲ್ಲಿಸಿದಳು. ಜಲಜ ಶೇಖರನ ಹೆಂಡತಿ. "ಬೆಂಗಳೂರಿನ ಅರ್ಜಿ ನಾರ್ವೆಗೆ ಎಂತಕ್ಕೆ ಬರುತ್ತೆ ಮಾರಾಯ್ತಿ, ಹೊಡಿ ನೀನು" ಎಂದೆ.

ಅರ್ಜಿ ಬರಲಿಲ್ಲ, ಅರ್ಜಿ ಓದಿದವರೇ ಬಂದರು. ಶನಿವಾರ ಒಬ್ಬರು ಮೇಡಂ ಬಂದು ಮನೆಗಳನ್ನು ನೋಡುತ್ತಾರೆ, ಸೋಮವಾರ ತೀರ್ಮಾನ ತಿಳಿಸುತ್ತಾರೆ ಎಂದು ಫೋನ್ ಬಂತು. ವಿನೀತಾ ಶಿವಮೊಗ್ಗಕ್ಕೆ ಉತ್ತರ ಹೇಳಬೇಕಾದ ಕೊನೆಯ ದಿನವೂ ಅದೇ ಸೋಮವಾರ. ಮನೆಮನೆಗೂ ಹೋಗಿ ಬುದ್ಧಿ ಹೇಳಿ ಬಂದೆ. "ಮನೆ ಹೇಗಿದೆಯೋ ಹಾಗೇ ಇರಲಿ. ವಿಶೇಷ ಎಂತದೂ ಮಾಡ್ಬೇಡಿ. ಕಷ್ಟ ಕೇಳಿದ್ರೆ ಬಾಯಿಬಿಟ್ಟು ಹೇಳಿ." ಎಲ್ಲರೂ ತಲೆಯಾಡಿಸಿದರು. ನಮ್ಮ ಕಡೆಯವರ ತಲೆಯಾಡಿಸುವಿಕೆಯನ್ನು ನಾನು ನಂಬಿದ್ದೇ ತಪ್ಪು. ಇಲ್ಲಿ ಜನ ನೆರೆಯವರ ಹತ್ತಿರ ಗಂಟೆಗಟ್ಟಲೆ ಕಷ್ಟ ಹೇಳಿಕೊಳ್ಳುತ್ತಾರೆ. ಆದರೆ ಮನೆಗೆ ಬಂದ ನೆಂಟರ ಎದುರು ಸತ್ತರೂ ಹೇಳುವುದಿಲ್ಲ.

ಶನಿವಾರ ಮೇಡಂ ಅವರನ್ನು ಮೊದಲು ಶೃಂಗೇರಿ ಕಡೆಯ ಮೆಣಸೆ ಎಂಬ ಊರಿಗೆ ಕರೆದುಕೊಂಡು ಹೋದೆ. ತಿಮ್ಮಪ್ಪ ಎಂಬ ಮುದುಕ ಗಡ್ಡ ಹೆರೆಸಿಕೊಂಡು, ಮೊಮ್ಮಗಳ ಮದುವೆಗೆ ಹೊಲಿಸಿದ್ದ ಅಂಗಿ ತೊಟ್ಟು, ಮಂಚದ ಮೇಲೆ ರಾಜನ ಹಾಗೆ ಕೂತಿದ್ದ. ನಾವು ಕೊಟ್ಟ ಗಾಲಿಕುರ್ಚಿ ಎಲ್ಲಿ ಎಂದು ನೋಡಿದರೆ, ನೆಂಟರು ಬರುವಾಗ ಚೆಂದ ಕಾಣುವುದಿಲ್ಲವೆಂದು ಬಾಗಿಲ ಹಿಂದೆ ಇಟ್ಟು ಬೆಡ್‌ಶೀಟ್ ಹೊದಿಸಿದ್ದರು.

"ನಿಮಗೆ ಏನು ಕಷ್ಟ ಇದೆ, ಹೇಳಿ" ಎಂದರು ಮೇಡಂ.

"ಕಷ್ಟವಾ? ಎಂತದೂ ಇಲ್ಲ ಅಮ್ಮ. ಆರಾಮಿದೀನಿ. ನೀವು ಮೊದ್ಲು ಬೆಲ್ಲ ನೀರು ಕುಡೀರಿ."

ನಾನು ಕೆಮ್ಮಿದೆ. ಇನ್ನೂ ಜೋರಾಗಿ ಕೆಮ್ಮಿದೆ. ತಿಮ್ಮಪ್ಪ ನನ್ನನ್ನೇ ಕನಿಕರದಿಂದ ನೋಡಿ, "ಹೋಯ್, ಇವ್ರಿಗೆ ಒಂಚೂರು ಕಷಾಯ ಮಾಡೇ" ಎಂದು ಹೆಂಡತಿಯನ್ನು ಕೂಗಿದ. ಮೇಡಂ ಏನನ್ನೋ ಬರೆದುಕೊಂಡರು. ಓಮ್ನಿಯಲ್ಲಿ ಕೊಪ್ಪದ ಕಡೆ ತಿರುಗುವಾಗ ವಿನೀತಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳು ಮನಸ್ಸಿನಲ್ಲಿ ಶಿವಮೊಗ್ಗದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾಳೆ ಎಂದು ನನಗೆ ಅನಿಸಿತು.

ನಾರ್ವೆಯಲ್ಲಿ ಜಲಜನ ಅಂಗಳಕ್ಕೆ ಕಾಲಿಡುವ ಮೊದಲೇ ಕೋಳಿ ಸಾರಿನ ಘಮ ಬಂತು. ನನ್ನ ಕಾಲು ಅಲ್ಲೇ ನಿಂತಿತು. ಜಗಲಿಯಲ್ಲಿ ಚಾಪೆ, ಚಾಪೆಯ ಎದುರು ಪಕ್ಕದ ಮನೆಯಿಂದ ತಂದ ಹೊಸ ಸ್ಟೀಲ್ ತಟ್ಟೆಗಳು, ತಟ್ಟೆಯಲ್ಲಿ ಹಬೆಯಾಡುವ ಕಡುಬು. ಶೇಖರ ಗೋಡೆಗೆ ಒರಗಿ ಕೂತು ನಗುತ್ತಿದ್ದ. ಮೇಡಂ ಕೂತರು. ಒಂದು ಕಡುಬು ಮುಗಿಸಿದರು. ನಾನು ಎಲ್ಲ ದೇವರನ್ನೂ ನೆನೆಯುತ್ತಿರುವಾಗ ಅವರು ಮೆಲ್ಲಗೆ ಕೇಳಿದರು.

"ಇಷ್ಟೆಲ್ಲ ಯಾಕೆ ಮಾಡಿದ್ರಿ? ನಿಮ್ಮನೇಲಿ ದಿನಕ್ಕೆ ಒಂದೇ ಹೊತ್ತು ಅಡುಗೆ ಅಂತ ಅರ್ಜೀಲಿ ಓದಿದ್ದೆ."

ಜಲಜನ ಸೌಟು ನಿಂತಿತು. "ಯಾರ ಮನೇಲಿ?"

ಮೇಡಂ ನನ್ನ ಕಡೆ ನೋಡಿದರು. ವಿನೀತಾ ನೆಲ ನೋಡಿದಳು. ನಾನು ಕಡುಬು ನೋಡಿದೆ.

"ನೀವು ಬರ್ಸಿದ್ದಾ?" ಎಂದಳು ಜಲಜ ನನ್ನ ಹತ್ತಿರ ಬಂದು. "ನಾನು ದಿನಾ ತೋಟದ ಕೆಲ್ಸಕ್ಕೆ ಹೋಗಿ ಬರೋದು ಒಲೆ ತಣ್ಣಗಿಡಕ್ಕಾ? ಇಲ್ಲಿ ಬಂದಾಗೆಲ್ಲ ಎರಡು ಸಲ ಹಾಕಿಸ್ಕೊಂಡು ತಿಂದವ್ರು ಯಾರು? ಹೇಳಿ ಮಾರಾಯ್ರೇ, ನಾನಾ ನೀವಾ?"

"ಅದು ಅನುದಾನಕ್ಕೆ ಹಾಗೆ ಬರೀಬೇಕಾಗುತ್ತೆ ಜಲಜ..."

"ಬರೀಬೇಕಾದ್ರೆ ನಿಮ್ಮನೆ ಒಲೆ ಬರ್ಕೊಳ್ಳಿ!"

ಮೇಡಂ ಕೈತೊಳೆದು ಪೆನ್ನು ತೆಗೆದರು. "ಹಾಗಾದ್ರೆ ನಿಮಗೆ ಏನೂ ಬೇಡ ಅಂತ ಬರ್ಕೊಳ್ಳಲಾ?"

ನಾನು ಬಾಯಿ ತೆರೆದೆ, ಜಲಜ ಸೌಟು ಎತ್ತಿದಳು, ಮುಚ್ಚಿಕೊಂಡೆ. ಆ ಒಂದು ಕ್ಷಣ ಓಮ್ನಿ, ವಿನೀತಾ, ಶೇಖರನ ಕಾಲು, ಎಲ್ಲವೂ ಆ ಪೆನ್ನಿನ ತುದಿಯಲ್ಲಿ ನಿಂತಿದ್ದವು.

"ಅನ್ನ ಬೇಡ" ಎಂದಳು ಜಲಜ. ದನಿ ಇಳಿದಿತ್ತು. "ಅನ್ನ ನಾನು ಹಾಕ್ತೀನಿ. ಈ ಹುಡುಗಿ ಬೇಕು. ಇವ್ರನ್ನ ಎತ್ತಕ್ಕೆ ನನ್ನ ಕೈಲಾಗುತ್ತೆ, ನಿಲ್ಸಕ್ಕೆ ಬರಲ್ಲ. ಅದು ಇವಳಿಗೇ ಬರೋದು. ಇವ್ರು ಬಚ್ಚಲಿಗೆ ನಾನಿಲ್ದೆ ಹೋಗಿ ಬರೋ ಹಾಗಾಗ್ಬೇಕು. ನಾನು ಕೆಲ್ಸಕ್ಕೆ ಹೋದಾಗ ಸಂಜೆ ತನಕ ನೀರೇ ಕುಡಿಯಲ್ಲ ಇವ್ರು, ಎಂತಕ್ಕೆ ಅಂತ ಕೇಳಿ."

"ಏ, ಸುಮ್ನಿರೇ, ಊಟದ ಹೊತ್ತಲ್ಲಿ" ಎಂದ ಶೇಖರ. ಅವನ ನಗು ಹೋಗಿತ್ತು.

ನಾನು ಈ ಮನೆಗೆ ಎಷ್ಟು ಸಲ ಬಂದಿದ್ದೇನೋ, ಈ ನೀರಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಇಲ್ಲದ ಹಸಿವನ್ನು ಬರೆಸಿದ್ದೆ, ಇದ್ದ ಬಾಯಾರಿಕೆಯನ್ನು ಕೇಳಿರಲಿಲ್ಲ.

ಸೋಮವಾರ ವಿನೀತಾ ನನ್ನ ಶೆಡ್ಡಿನಲ್ಲಿ, ಬಿಚ್ಚಿಟ್ಟ ಟಿಲ್ಲರ್ ಪಕ್ಕ, ಫೋನ್ ಹಿಡಿದು ಕೂತಿದ್ದಳು. ಮೊದಲು ಬಂದದ್ದು ಶಿವಮೊಗ್ಗದ ಫೋನ್. "ಮಧ್ಯಾಹ್ನದ ತನಕ ಟೈಮ್ ಕೊಡಿ" ಎಂದಳು. ಕೇಳುತ್ತಿದ್ದ ನನ್ನ ಕೈಯಿಂದ ನಟ್ಟು ಬಿದ್ದು ಎಲ್ಲಿಗೆ ಉರುಳಿತೋ, ಇವತ್ತಿಗೂ ಸಿಕ್ಕಿಲ್ಲ. ಊಟದ ಹೊತ್ತಿಗೆ ಮೇಡಂ ಮಾತಾಡಿದರು. ಅನುದಾನ ಮಂಜೂರಾಗಿದೆ. ಆದರೆ ಪೆಟ್ರೋಲಿಗೆ ನಾನು ಬರೆದ ಮೊತ್ತದಲ್ಲಿ ಓಮ್ನಿ ದೆಹಲಿಗೆ ಹೋಗಿಬರಬಹುದಂತೆ, ಅದನ್ನು ಕತ್ತರಿಸಿದ್ದಾರೆ. ಇನ್ನೊಂದು ಷರತ್ತು: ಜಲಜ ಟ್ರಸ್ಟಿನ ಸಮಿತಿಯಲ್ಲಿ ಇರಬೇಕು. ವಿನೀತಾ ಎದ್ದು ಓಮ್ನಿಯ ಬೀಗದ ಕೈ ತೆಗೆದುಕೊಂಡಳು. ಅವತ್ತು ನಾರ್ವೆಯ ಸರದಿ.

ಸಮಿತಿಗೆ ಬರುತ್ತೀಯಾ ಎಂದು ಕೇಳಲು ನಾನೇ ಹೋಗಬೇಕಾಯಿತು. "ಬರ್ತೀನಿ. ಆದ್ರೆ ನೀವು ಹೇಳಿದ್ದಕ್ಕೆಲ್ಲ ತಲೆ ಆಡ್ಸಕ್ಕೆ ಅಲ್ಲ" ಎಂದಳು. ಆಡಿಸುವುದೂ ಇಲ್ಲ.

ಆದ್ದರಿಂದ ಟ್ರಸ್ಟು, ಸಂಘ ಎಂದು ಓಡಾಡುವವರಿಗೆ ನನ್ನ ಅನುಭವದ ನಾಲ್ಕು ಮಾತು. ಕೊಡುವವರು ಯಾರಿಗೆ ಕೊಡುತ್ತಾರೆ ಎಂದು ಮೊದಲು ವಿಚಾರಿಸಿ, ಕಡಲಾಮೆಯವರ ಹತ್ತಿರ ಅಡಿಕೆ ಮರದ ಮಾತು ಬೇಡ. ಆಡಿಟರನ್ನು ಕೊನೇ ವಾರಕ್ಕೆ ಹಿಡಿಯಬೇಡಿ, ಆಗ ಅವರು ಚೌಕಾಸಿಗೆ ಬಗ್ಗುವುದಿಲ್ಲ. ಪೆಟ್ರೋಲ್ ಲೆಕ್ಕವನ್ನು ಗಾಡಿ ಓಡಿಸುವವರ ಹತ್ತಿರ ಬರೆಸಿ. ಎಲ್ಲಕ್ಕಿಂತ ಮುಖ್ಯ, ಅರ್ಜಿಯಲ್ಲಿ ಯಾರ ಬಗ್ಗೆ ಬರೆದಿದ್ದೀರೋ ಅವರ ಜಗಲಿಯಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದಿ, ಆಮೇಲೆ ಕಳಿಸಿ. ಓದುವಾಗ ಮೆಟ್ಟಿಲ ಹತ್ತಿರವೇ ಕೂತುಕೊಳ್ಳಿ. ಚಪ್ಪಲಿಯ ಮುಖ ರಸ್ತೆಯ ಕಡೆಗಿರಲಿ.